ಗಿರಣಗಾಂವದ ನೆಲ

ಮುಂಬಯಿಯ ಏಳಿಗೆಗೆ ಬಂದರವೇ ಮೂಲವೆಂದು ಎಲ್ಲರೂ ಹೇಳುವುದುಂಟು. ಅದು ನಿಜವೂ ಹೌದು. ಆದರೆ ಬಂದರದಲ್ಲಿ ಕೂಡಿದ ಹಣವನ್ನು ಲಕ್ಷಾಂತರ ಸಂಸಾರಗಳ ಅನ್ನವಾಗಿ ಮಾರ್ಪಡಿಸಿದುದು ಭಾಯಖಳದಿಂದ ಲಾಲಬಾಗ, ಪರೇಲ, ವರಳಿಗಳವರೆಗೆ ಹಬ್ಬಿದ್ದ ಗಿರಣಿಗಳ ನೆಲ. ಜನರು ಆ ಪ್ರದೇಶವನ್ನು ಗಿರಣಗಾಂವ ಎಂದು ಕರೆದರು. ಹೆಸರು ಇಂದಿಗೂ ಉಳಿದಿದೆ. ಗಿರಣಿಗಳು ಮಾತ್ರ ಉಳಿದಿಲ್ಲ. ಒಂದು ನಗರವು ತನ್ನ ಕೈಗಾರಿಕೆಯ ನೆಲವನ್ನು ಹೇಗೆ ಪಡೆಯಿತು, ಹೇಗೆ ಕಳೆದುಕೊಂಡಿತು ಎಂಬ ಈ ವೃತ್ತಾಂತವು, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರು ತಿಳಿದಿರಬೇಕಾದುದು. ಈ ಲೇಖಕನು ಇತಿಹಾಸಕಾರನಲ್ಲ; ಬ್ಯಾಂಕಿನ ಗುಮಾಸ್ತ. ಆದುದರಿಂದ ಜಮಾಖರ್ಚಿನ ದೃಷ್ಟಿಯೇ ಇಲ್ಲಿ ಸ್ವಲ್ಪ ಹೆಚ್ಚಾಗಿ ಕಂಡುಬಂದರೆ ವಾಚಕರು ಮನ್ನಿಸಬೇಕು.

ಹತ್ತಿ ಬಂದ ದಾರಿ

ಗಿರಣಿಗಳ ಕಥೆ ಮುಂಬಯಿಯಲ್ಲಿ ಆರಂಭವಾಗುವುದಕ್ಕೆ ಮೊದಲೇ ನಮ್ಮ ಕನ್ನಡದ ಎರೆಯ ಹೊಲಗಳಲ್ಲಿ ಆರಂಭವಾಗುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗಗಳ ಸುತ್ತಲಿನ ಕರಿಯ ಮಣ್ಣಿನ ಸೀಮೆ ಹತ್ತಿಗೆ ಹೆಸರಾದುದು. ಅಲ್ಲಿಯ ಹತ್ತಿ ಎತ್ತಿನ ಬಂಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಬಂದು, ಅಲ್ಲಿಂದ ಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿದ್ದಿತು. ಈ ಕಾರಣದಿಂದ ಧಾರವಾಡ ಸೀಮೆಯ ನಾಡಹತ್ತಿಗೆ ಮುಂಬಯಿಯ ಪೇಟೆಯಲ್ಲಿ ‘ಕುಮ್ಟಾ’ ಎಂದೇ ಹೆಸರು ನಿಂತಿತು. ಬೆಳೆದ ಹೊಲದ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು. 1840ರ ದಶಕದಿಂದ ಧಾರವಾಡ ಜಿಲ್ಲೆಯಲ್ಲಿ ಅಮೇರಿಕೆಯ ತಳಿಯ ಹತ್ತಿಯನ್ನೂ ಬೆಳೆಸಲಾಯಿತು. ಅದು ‘ಧಾರವಾಡ ಅಮೇರಿಕನ್’ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದಿತು.

1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲಂಡಕ್ಕೆ ಬರುವುದು ನಿಂತುಹೋಯಿತು. ಲ್ಯಾಂಕಶೈರಿನ ಗಿರಣಿಗಳು ಹಿಂದುಸ್ಥಾನದ ಹತ್ತಿಗೆ ಕೈಚಾಚಿದುವು. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದು ಅದರ ಬಂದರಗಳು ಮದರಾಸು ಪ್ರಾಂತದಲ್ಲಿದ್ದುದು ಹತ್ತಿಯ ವ್ಯಾಪಾರಕ್ಕೆ ತೊಡಕಾಗಿ ಕಂಡಿತು. ಆಗ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ಕಾರವಾರವನ್ನು ಹತ್ತಿಯ ಬಂದರವಾಗಿ ಬೆಳೆಸಬೇಕೆಂಬುದು ಆಗಿನ ಉದ್ದೇಶಗಳಲ್ಲಿ ಮುಖ್ಯವಾದುದು. ಒಂದು ಬೆಳೆಗಾಗಿ ಕನ್ನಡನಾಡಿನ ಒಂದು ಜಿಲ್ಲೆಯ ಗಡಿಯೇ ಬದಲಾಯಿತೆಂಬುದನ್ನು ರಾಜ್ಯೋತ್ಸವದ ಸಂದರ್ಭದಲ್ಲಿ ನೆನೆಯುವುದು ಅನುಚಿತವಾಗಲಾರದು. ಆ ಜಿಲ್ಲೆಯು ಕನ್ನಡದ ಇತರ ಭಾಗಗಳೊಡನೆ ಒಂದಾಗಲು 1956ರ ನವೆಂಬರ 1ರ ವರೆಗೆ ಕಾಯಬೇಕಾಯಿತು.

ನೆಲವು ಗಿರಣಿಯಾದ ಬಗೆ

1854ರಲ್ಲಿ ಕಾವಸಜಿ ನಾನಾಭಾಯಿ ದಾವರ ಎಂಬ ಪಾರ್ಸಿ ವ್ಯಾಪಾರಿಯು ಮುಂಬಯಿಯ ಮೊದಲ ಹತ್ತಿ ಗಿರಣಿಗಾಗಿ ಕಂಪೆನಿಯನ್ನು ಸ್ಥಾಪಿಸಿದನು. ತಾರದೇವದಲ್ಲಿ ನಿಂತ ಆ ಗಿರಣಿ 1856ರಲ್ಲಿ ನೂಲು ತೆಗೆಯಲಾರಂಭಿಸಿತು. ಇದಕ್ಕೆ ಮೊದಲೇ, 1853ರ ಏಪ್ರಿಲ 16ರಂದು, ಬೋರಿಬಂದರದಿಂದ ಠಾಣೆಗೆ ರೈಲು ಓಡಿದ್ದಿತು. ರೈಲಿನ ಹಾದಿಯ ಇಕ್ಕೆಲಗಳಲ್ಲಿ, ಕೋಟೆಯ ಉತ್ತರಕ್ಕೆ ತೆಂಗಿನ ತೋಟ, ಗದ್ದೆ, ಜೌಗುಗಳಿದ್ದ ಅಗ್ಗದ ನೆಲದಲ್ಲಿ ಗಿರಣಿಗಳು ಒಂದೊಂದಾಗಿ ಎದ್ದುವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಅವುಗಳ ಸಂಖ್ಯೆ ಸುಮಾರು 80ನ್ನು ಮುಟ್ಟಿದ್ದಿತು. ಚೀನ ದೇಶಕ್ಕೆ ಹೋಗುತ್ತಿದ್ದ ನೂಲು ಅವುಗಳ ಮೊದಲ ಕಾಲದ ದೊಡ್ಡ ಆದಾಯ.

ಗಿರಣಿಯ ಸುತ್ತ ಜನವಸತಿ ಬೆಳೆಯಿತು. ರತ್ನಾಗಿರಿ, ಸಾತಾರಾ ಮೊದಲಾದ ಜಿಲ್ಲೆಗಳಿಂದ ಬಂದ ಮರಾಠಿಗರೇ ಕಾಮಗಾರರಲ್ಲಿ ಹೆಚ್ಚು. ತೆಲುಗು ಸೀಮೆಯ ನೇಕಾರರೂ ಉತ್ತರ ಹಿಂದುಸ್ಥಾನದವರೂ ಇದ್ದರು. ಭೋಂಗಾ ಕೂಗಿದೊಡನೆ ಒಂದು ಪಾಳಿಯವರು ಒಳಗೆ, ಇನ್ನೊಂದು ಪಾಳಿಯವರು ಹೊರಗೆ. ಹೊರಗೆ ಬಂದವರಿಗೆ ಚಹ, ತಿಂಡಿ, ಊಟ ಬೇಕು. ಖಾನಾವಳಿಗಳು ಬಹುಮಟ್ಟಿಗೆ ಮರಾಠಿ ಹೆಣ್ಣುಮಕ್ಕಳ ಕೈಯಲ್ಲಿದ್ದುವು. ಚಹ ತಿಂಡಿಗಳ ಹೋಟೆಲುಗಳಲ್ಲಿ ನಮ್ಮ ದಕ್ಷಿಣ ಕನ್ನಡದವರು ಅನೇಕರಿದ್ದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಗುಮಾಸ್ತರಾಗಿ, ವಕೀಲರಾಗಿ, ಹೋಟೆಲಿನ ಒಡೆಯರಾಗಿ ಬೆಳೆದ ಹುಡುಗರ ಕಥೆ ಮುಂಬಯಿಯ ಕನ್ನಡಿಗರ ಮನೆಮನೆಯಲ್ಲಿಯೂ ಉಂಟು. ಗಿರಣಿಯಲ್ಲಿ ಒಂದು ದಿನವೂ ದುಡಿಯದವರು ಸಹ ಗಿರಣಿಯ ಸಂಬಳದಿಂದಲೇ ಬದುಕಿದರೆಂಬುದಕ್ಕೆ ಇದು ನಿದರ್ಶನ.

ಕಾಮಗಾರರ ವಸತಿಯ ಪ್ರಶ್ನೆಯೂ ನೆಲದ ಪ್ರಶ್ನೆಯೇ ಆಗಿದ್ದಿತು. 1896ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಚಾಳುಗಳ ದುಃಸ್ಥಿತಿ ಸರಕಾರದ ಕಣ್ಣಿಗೆ ಬಿದ್ದು, 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. 1920ರ ದಶಕದಲ್ಲಿ ಸರಕಾರದ ಅಭಿವೃದ್ಧಿ ಖಾತೆಯು ವರಳಿ, ನಾಯಗಾಂವ, ಲೋವರ ಪರೇಲ, ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಒಂದೊಂದು ಕೋಣೆ 160 ಚದರ ಅಡಿ. ಈ ವೆಚ್ಚಕ್ಕಾಗಿ ನಗರಕ್ಕೆ ಬರುವ ಹತ್ತಿಯ ಒಂದೊಂದು ಅಂಡಿಗೆಗೆ ಒಂದು ರೂಪಾಯಿಯಂತೆ ಸುಂಕವನ್ನು ಹಾಕಲಾಯಿತು. ಅಂದಮೇಲೆ ಆ ಗೋಡೆಗಳಲ್ಲಿ ನಮ್ಮ ಧಾರವಾಡ ಸೀಮೆಯ ಒಕ್ಕಲಿಗನ ಹತ್ತಿಯ ಪಾಲೂ ಇದೆಯೆನ್ನಲು ಅಡ್ಡಿಯಿಲ್ಲ.

ಮುಷ್ಕರವೂ ನೆಲದ ಬೆಲೆಯೂ

ಸ್ವಾತಂತ್ರ್ಯಾನಂತರ ಮುಂಬಯಿಯ ನಗರ ಯೋಜನೆಯು ಎರಡು ವಿಚಾರಗಳನ್ನು ಒಟ್ಟಿಗೆ ಹಿಡಿದುಕೊಂಡು ನಡೆಯಿತು. ಗಿರಣಿಗಳಿರುವ ನೆಲವು ಕೈಗಾರಿಕೆಯ ವಲಯವೆಂದು ನಕ್ಷೆಯಲ್ಲಿ ಗುರುತಾಗಿದ್ದಿತು; ಅದನ್ನು ಬೇರೆ ಕೆಲಸಕ್ಕೆ ಬಳಸುವಂತಿರಲಿಲ್ಲ. ಇನ್ನೊಂದೆಡೆ ದ್ವೀಪನಗರದಲ್ಲಿ ಜನಸಂದಣಿ ಮಿತಿಮೀರಿದುದರಿಂದ ಕೈಗಾರಿಕೆಗಳನ್ನು ಹೊರಗೆ ಹರಡಬೇಕೆಂಬ ನೀತಿಯೂ ಬಲವಾಯಿತು. 1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಠಾಣೆ–ಬೇಲಾಪುರ ಮೊದಲಾದೆಡೆ ಹೊಸ ಕೈಗಾರಿಕಾ ಪ್ರದೇಶಗಳನ್ನು ತೆರೆಯಿತು. ಹೊಗೆ, ಗದ್ದಲ, ಇಕ್ಕಟ್ಟುಗಳನ್ನು ಕಂಡವರಿಗೆ ಈ ನೀತಿ ತಪ್ಪೆಂದು ಹೇಳುವುದು ಸುಲಭವಲ್ಲ.

ಆದರೆ ಗಿರಣಿಗಳು ಒಳಗಿನಿಂದಲೇ ಸೊರಗುತ್ತಿದ್ದುವು. ಯಂತ್ರಗಳು ಹಳೆಯವು. ಭಿವಂಡಿ, ಮಾಲೇಗಾಂವ, ಇಚಲಕರಂಜಿಗಳ ವಿದ್ಯುತ್ ಮಗ್ಗಗಳು ಕಡಿಮೆ ಕೂಲಿಗೆ ಅಗ್ಗದ ಬಟ್ಟೆ ನೇಯುತ್ತಿದ್ದುವು. ಇಂಥ ವೇಳೆಯಲ್ಲಿ 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾಮಗಾರರು ಮುಷ್ಕರ ಹೂಡಿದರು. ಆ ಮುಷ್ಕರವನ್ನು ವಿಧಿವತ್ತಾಗಿ ಹಿಂತೆಗೆದುಕೊಂಡುದೇ ಇಲ್ಲ. ಒಂದೂವರೆ ವರ್ಷದ ಮೇಲೆ ಕೆಲವರು ಕೆಲಸಕ್ಕೆ ಮರಳಿದರು. ಸಾವಿರಾರು ಜನರಿಗೆ ಮರಳಲು ಕೆಲಸವೇ ಉಳಿದಿರಲಿಲ್ಲ. 1983ರಲ್ಲಿ ಕೇಂದ್ರ ಸರಕಾರವು ಮುಂಬಯಿಯ 13 ಗಿರಣಿಗಳ ಆಡಳಿತವನ್ನು ವಹಿಸಿಕೊಂಡಿತು.

ಗಿರಣಿಗಳನ್ನು ಮುಷ್ಕರವೇ ಕೊಂದಿತೆಂದು ಕೆಲವರು, ಮಾಲೀಕರೇ ಕೊಂದರೆಂದು ಕೆಲವರು ಹೇಳುವರು. ಇವೆರಡರ ನಡುವೆ ಲೆಕ್ಕದ ಪುಸ್ತಕದಲ್ಲಿ ಅಡಗಿರುವ ಮೂರನೆಯ ಕಾರಣವೊಂದುಂಟು. ಅದನ್ನು ಉದಾಹರಣೆಯಿಂದ ವಿವರಿಸುವೆನು. ಒಂದು ಗಿರಣಿಯು ನೂರು ವರ್ಷಗಳ ಹಿಂದೆ ಲಕ್ಷ ರೂಪಾಯಿಗೆ ಕೊಂಡ ನೆಲವನ್ನು ತನ್ನ ಅಢಾವೆ ಪತ್ರಿಕೆಯಲ್ಲಿ ಲಕ್ಷ ರೂಪಾಯಿಯೆಂದೇ ತೋರಿಸುತ್ತಾ ಬಂದಿದೆಯೆಂದು ಭಾವಿಸೋಣ. ಗಿರಣಿ ವರ್ಷಕ್ಕೆ ಹತ್ತು ಲಕ್ಷ ಲಾಭ ತಂದರೆ ಪುಸ್ತಕದ ಪ್ರಕಾರ ಅದು ಭರ್ಜರಿ ವ್ಯವಹಾರ. ಆದರೆ ಅದೇ ನೆಲವನ್ನು ಮಹಡಿಮನೆಗಳಿಗಾಗಿ ಮಾರಿದರೆ ನೂರು ಕೋಟಿ ಬರುವುದೆಂದು ತಿಳಿದ ದಿನ, ಹತ್ತು ಲಕ್ಷದ ಲಾಭವು ಲಾಭವಾಗಿ ತೋರದು. ಆ ನೂರು ಕೋಟಿಯನ್ನು ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿಯ ಮುಂದೆ ಅದು ಏನೂ ಅಲ್ಲ. ಆಗ ಹೊಸ ಯಂತ್ರಕ್ಕೆ ಹಣ ಹಾಕುವ ಮಾಲೀಕನು ಅವಿವೇಕಿಯೆನಿಸುವನು. ಗಿರಣಿ ನಷ್ಟಕ್ಕಿಳಿಯುವುದನ್ನು ಕಾದು ಕುಳಿತವನು ಜಾಣನೆನಿಸುವನು. ನಷ್ಟದ ಗಿರಣಿಯನ್ನು ಮುಚ್ಚಲು ಅನುಮತಿ ಕೇಳುವುದು ಸುಲಭವಲ್ಲವೇ?

ಕೈಗಾರಿಕಾ ವಲಯವೆಂಬ ನಕ್ಷೆಯ ಗೆರೆಗೆ ಇರುವ ಅರ್ಥವು ಇಲ್ಲಿಯೇ ತಿಳಿಯುತ್ತದೆ. ಈ ನೆಲದಲ್ಲಿ ಕೈಗಾರಿಕೆಯಲ್ಲದೆ ಬೇರೇನೂ ಆಗಕೂಡದೆಂಬ ನಿಯಮವು ಗಟ್ಟಿಯಾಗಿದ್ದರೆ, ನೆಲದ ಬೆಲೆಯು ಕೈಗಾರಿಕೆ ತಾಳಬಲ್ಲಷ್ಟೇ ಇರುವುದು. ಗೆರೆಯು ಎಂದಾದರೂ ಒಂದು ದಿನ ಸಡಿಲವಾಗುವುದೆಂಬ ಆಸೆ ಹುಟ್ಟಿದೊಡನೆ, ಸಡಿಲವಾಗುವ ಮೊದಲೇ ಬೆಲೆ ಏರುವುದು. ಆ ಬೆಲೆಗೆ ಬಾಡಿಗೆ ಕೊಡಲಾರದ ಚಿಕ್ಕ ಕಾರ್ಖಾನೆಯವನು ಮೊದಲು ಹೊರಡುವನು. ಹೀಗೆ ಹೋದ ನೆಲ ಮರಳಿ ಬರುವುದಿಲ್ಲ. ಗಿರಣಿಯನ್ನು ಮಾಲ್ ಮಾಡಿದ ಊರುಗಳು ಎಷ್ಟೋ. ಮಾಲನ್ನು ಒಡೆದು ಗಿರಣಿ ಕಟ್ಟಿದ ಊರನ್ನು ಯಾರು ಕಂಡಿದ್ದಾರೆ?

58ನೆಯ ನಿಯಮ

1991ರಲ್ಲಿ ಜಾರಿಗೆ ಬಂದ ಮುಂಬಯಿಯ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ 58ನೆಯ ನಿಯಮವು ಗಿರಣಿಗಳ ನೆಲವನ್ನು ಬೇರೆ ಉಪಯೋಗಕ್ಕೆ ತೆರೆಯಿತು. ಅದರ ಹಿಂದಿನ ಆಶಯ ಒಳ್ಳೆಯದೇ. ರೋಗಗ್ರಸ್ತ ಗಿರಣಿಯು ಒಂದಷ್ಟು ನೆಲವನ್ನು ಮಾರಿ ಆ ಹಣದಿಂದ ಯಂತ್ರಗಳನ್ನು ನವೀಕರಿಸಬೇಕು, ಕಾಮಗಾರರ ಬಾಕಿಯನ್ನು ತೀರಿಸಬೇಕು. ನೆಲವನ್ನು ಸ್ಥೂಲವಾಗಿ ಮೂರು ಪಾಲು ಮಾಡಿ, ಒಂದು ಪಾಲನ್ನು ಉದ್ಯಾನ ಮೈದಾನಗಳಿಗಾಗಿ ಮಹಾನಗರಪಾಲಿಕೆಗೆ, ಒಂದು ಪಾಲನ್ನು ಸಾಮಾನ್ಯರ ಮನೆಗಳಿಗಾಗಿ ಗೃಹನಿರ್ಮಾಣ ಮಂಡಲಿಗೆ ಕೊಟ್ಟು, ಉಳಿದುದನ್ನು ಮಾಲೀಕರು ಇಟ್ಟುಕೊಳ್ಳಬೇಕು. ಆಗ ನಗರದಲ್ಲಿ ಒಟ್ಟು 58 ಗಿರಣಿಗಳು: ರಾಷ್ಟ್ರೀಯ ಜವಳಿ ನಿಗಮದವು 25, ರಾಜ್ಯದ ಜವಳಿ ನಿಗಮದ್ದು ಒಂದು, ಖಾಸಗಿಯವರವು 32. ನೆಲ ಸುಮಾರು 600 ಎಕರೆ. ಇದರ ಮೂರನೆಯ ಒಂದು ಪಾಲು ಬಯಲಾಗಿ ಉಳಿದಿದ್ದರೆ ಉಸಿರುಗಟ್ಟಿದ ಈ ನಗರಕ್ಕೆ ಎಂಥ ಭಾಗ್ಯ! 1996ರಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯು ರಾಷ್ಟ್ರೀಯ ನಿಗಮದ 25 ಗಿರಣಿಗಳ ನೆಲವನ್ನೆಲ್ಲ ಒಟ್ಟಾಗಿ ಯೋಜಿಸಬೇಕೆಂದು ಸೂಚಿಸಿತು.

ಆದುದೇನು? ಹಳೆಯ ಕಟ್ಟಡವನ್ನು ಕೆಡವದೆ ಒಳಗಿನ ಉಪಯೋಗವನ್ನಷ್ಟೇ ಬದಲಾಯಿಸಿದರೆ ಪಾಲು ಕೊಡಬೇಕಾಗಿರಲಿಲ್ಲವಾದುದರಿಂದ ಕೆಲವು ಮಾಲೀಕರು ಆ ದಾರಿ ಹಿಡಿದರು. 2001ರಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ಪಾಲು ಮಾಡಬೇಕಾದುದು ಮೊದಲಿನಿಂದಲೂ ಖಾಲಿಯಿರುವ ನೆಲವನ್ನು ಮಾತ್ರ, ಕಟ್ಟಡ ಕೆಡವಿದ್ದರಿಂದ ತೆರವಾದ ನೆಲವನ್ನಲ್ಲ ಎಂದಾಯಿತು. ಗಿರಣಿಯೆಂದರೆ ಬಹುಮಟ್ಟಿಗೆ ಕಟ್ಟಡವೇ ಅಲ್ಲವೇ? ಖಾಲಿ ನೆಲವೆಷ್ಟು? ಒಂದೆರಡು ಶಬ್ದಗಳ ಬದಲಾವಣೆಯಿಂದ ನಗರದ ಪಾಲು ತೀರ ಚಿಕ್ಕದಾಯಿತು. 2005ರಲ್ಲಿ ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯವು ನಗರದ ಪರವಾಗಿ ತೀರ್ಪಿತ್ತಿತು. 2006ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ರಾಷ್ಟ್ರೀಯ ನಿಗಮವೂ ಮಾರಾಟಕ್ಕಿಳಿದಿದ್ದಿತು; 2005ರಲ್ಲಿ ಮುಂಬೈ ಟೆಕ್ಸ್‌ಟೈಲ್ ಮಿಲ್ಲಿನ ನೆಲವೊಂದೇ 702 ಕೋಟಿ ರೂಪಾಯಿಗೆ ಹೋಯಿತು.

ಕಾಮಗಾರರ ಮನೆಗಳ ವಿಷಯವನ್ನೂ ಹೇಳಬೇಕು. ಮನೆಗಾಗಿ ಒಂದೂವರೆ ಲಕ್ಷದ ಸಮೀಪ ಅರ್ಜಿಗಳು ಬಂದಿದ್ದುವು. 2012ರಲ್ಲಿ ನಡೆದ ಮೊದಲ ಚೀಟಿ ಎತ್ತುವಿಕೆಯಲ್ಲಿ ದೊರೆತ ಮನೆಗಳು 6,925. ಮುಷ್ಕರ ಆರಂಭವಾಗಿ ಆಗ 30 ವರ್ಷಗಳು ಕಳೆದಿದ್ದುವು.

ನಗರಕ್ಕೆ ಲಾಭವೇ ಆಗಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಲೋವರ ಪರೇಲದ ಕಚೇರಿಗಳಲ್ಲಿ ಇಂದು ಸಾವಿರಾರು ವಿದ್ಯಾವಂತರಿಗೆ ಕೆಲಸವಿದೆ. ನಮ್ಮ ಕನ್ನಡಿಗರ ಮಕ್ಕಳೂ ಅಲ್ಲಿದ್ದಾರೆ. ಬಟ್ಟೆಯ ಗಿರಣಿಗಳನ್ನೇ ಶಾಶ್ವತವಾಗಿ ಉಳಿಸಬಹುದಾಗಿತ್ತೆಂದೂ ನಾನು ಹೇಳುವುದಿಲ್ಲ. ಆದರೆ ಗಿರಣಿಯನ್ನು ಉಳಿಸುವುದು ಬೇರೆ, ಕೈಗಾರಿಕೆಗೆ ನೆಲವನ್ನು ಉಳಿಸುವುದು ಬೇರೆ. ಹತ್ತಿಯ ಕಾಲ ಮುಗಿದರೆ ಅದೇ ನೆಲದಲ್ಲಿ ಸಿದ್ಧ ಉಡುಪು, ಮುದ್ರಣ, ಯಂತ್ರಭಾಗ, ಔಷಧ, ಆಹಾರ ಪದಾರ್ಥಗಳ ಚಿಕ್ಕ ಕಾರ್ಖಾನೆಗಳಿಗೆ ಅವಕಾಶವಾಗಬಹುದಾಗಿತ್ತು. ನಾಲ್ಕನೆಯ ಇಯತ್ತೆ ಓದಿದವನಿಗೂ ಗಿರಣಿಯು ಕಾಯಂ ನೌಕರಿ, ಭವಿಷ್ಯ ನಿಧಿ, ರಾಜ್ಯ ವಿಮೆಯ ಔಷಧೋಪಚಾರಗಳನ್ನು ಕೊಟ್ಟಿದ್ದಿತು. ಅಲ್ಲಿಯ ಹೊಸ ಕಟ್ಟಡಗಳಲ್ಲಿ ಅದೇ ಮನುಷ್ಯನಿಗೆ ದೊರೆಯುವುದು ಗುತ್ತಿಗೆದಾರನ ಕೈಕೆಳಗಿನ ಕಾವಲು ಅಥವಾ ಕಸಗುಡಿಸುವ ಕೆಲಸ. ಓದು ಕಡಿಮೆಯಿರುವವನು ಮೇಲೇರಲು ಇದ್ದ ಒಂದು ಮೆಟ್ಟಿಲೇ ಕಳಚಿಬಿದ್ದಂತಾಯಿತು.

ಇನ್ನು, ನೆಲ ಬದಲಾದಷ್ಟು ಬೇಗ ದಾರಿಗಳು ಬದಲಾಗಲಿಲ್ಲ. ಗಿರಣಿಯವರು ನಡೆದು ಕೆಲಸಕ್ಕೆ ಹೋಗುತ್ತಿದ್ದರು. ಕಚೇರಿಯವರು ದೂರದ ಉಪನಗರಗಳಿಂದ ರೈಲಿನಲ್ಲಿ ಬರುವರು. 2017ರ ಸಪ್ಟೆಂಬರ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಡಿಸೆಂಬರ 29ರಂದು ಕಮಲಾ ಮಿಲ್ಸಿನ ಆವರಣದ ಉಪಾಹಾರಗೃಹದಲ್ಲಿ ಬೆಂಕಿ ಬಿದ್ದು 14 ಜನರು ಸತ್ತರು. ಬಿಡಿಬಿಡಿಯಾಗಿ ನೆಲವನ್ನು ಮಾರಿ, ಒಟ್ಟಾಗಿ ಯೋಜಿಸದೆ ಬಿಟ್ಟ ಪ್ರದೇಶದ ಅವಸ್ಥೆಯನ್ನು ಈ ಎರಡು ಘಟನೆಗಳು ಎಲ್ಲರಿಗೂ ತೋರಿಸಿಕೊಟ್ಟುವು.

ಬೇರೆಯವರು ಮಾಡಿದುದು, ನಾವು ಮಾಡಬಹುದಾದುದು

ಈ ಪ್ರಶ್ನೆ ಮುಂಬಯಿಗೆ ಮಾತ್ರ ಬಂದುದಲ್ಲ. ಅಮೇರಿಕೆಯ ಶಿಕಾಗೋ ನಗರದಲ್ಲಿ 1980ರ ದಶಕದಲ್ಲಿ ನದಿಯ ಬದಿಯ ಕಾರ್ಖಾನೆಗಳ ನಡುವೆ ಶ್ರೀಮಂತರ ಮನೆಗಳು ಏಳಲಾರಂಭಿಸಿದುವು. ಮನೆಗಳು ಬಂದ ಮೇಲೆ ಕಾರ್ಖಾನೆಯ ಸದ್ದು, ಲಾರಿಗಳ ಓಡಾಟಗಳ ಮೇಲೆ ದೂರುಗಳೂ ಬಂದುವು. ಆಗ ಅಲ್ಲಿಯ ನಗರಸಭೆಯು 1988ರಲ್ಲಿ ಕ್ಲೈಬೋರ್ನ್ ಪ್ರದೇಶವನ್ನು ಉತ್ಪಾದನೆಗೇ ಮೀಸಲಾದ ವಲಯವೆಂದು ಸಾರಿ, ಮನೆಗಳಿಗೆ ಅವಕಾಶವಿಲ್ಲದಂತೆ ಮಾಡಿತು. ಮುಂದೆ ಸುಮಾರು ಮೂವತ್ತು ವರ್ಷ ಕಳೆದ ಮೇಲೆ, 2017ರಲ್ಲಿ, ಅದೇ ನಗರಸಭೆಯು ಆ ನದೀತೀರದ ಕಟ್ಟನ್ನು ಸಡಿಲಿಸಿತು. ಇದರಿಂದ ತಿಳಿಯುವುದು ಎರಡು ಮಾತು: ಮೀಸಲು ಸಾಧ್ಯ, ಆದರೆ ಕಾವಲಿಲ್ಲದ ಮೀಸಲು ಶಾಶ್ವತವಲ್ಲ.

ನಮ್ಮ ಬೆಂಗಳೂರಿನ ಕಡೆಗೆ ನೋಡಿದರೂ ಇದೇ ಚಿತ್ರ. 1884ರಲ್ಲಿ ಆರಂಭವಾಗಿ ಬಿನ್ನಿ ಮಿಲ್ಲೆಂದು ಹೆಸರಾದ ಗಿರಣಿಯ ನೆಲದಲ್ಲಿ ಇಂದು ವಸತಿ ಸಮುಚ್ಚಯಗಳಿವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ ಮಾಲ್ ನಿಂತಿದೆ. ಆದರೂ ಕರ್ನಾಟಕವು ಒಂದು ಒಳ್ಳೆಯ ಕೆಲಸವನ್ನು ಸಕಾಲದಲ್ಲಿ ಮಾಡಿತು. 1966ರ ಶಾಸನದಂತೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿ ಸ್ಥಾಪಿತವಾಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ರೂಪುಗೊಂಡಿತು. ಲೇತು ಒಂದು, ಕೆಲಸಗಾರರು ನಾಲ್ವರು ಎಂಬಂತೆ ಆರಂಭಿಸಿದ ಎಷ್ಟೋ ಜನರು ಅಲ್ಲಿ ನೆಲೆ ಕಂಡರು. ಆಗ ಊರಿನ ಹೊರಗಿದ್ದ ಪೀಣ್ಯವು ಈಗ ಊರಿನ ಒಳಗಾಗಿದೆ. ಮೆಟ್ರೋ ರೈಲು ಅದರ ಮೇಲೆಯೇ ಹಾಯುತ್ತದೆ. ಇನ್ನು ಅಲ್ಲಿಯ ನೆಲಕ್ಕೂ ಪರೇಲದ ನೆಲಕ್ಕೆ ಬಂದ ಆಸೆಯೇ ಬಂದರೆ ಆಶ್ಚರ್ಯವಿಲ್ಲ. ಹುಬ್ಬಳ್ಳಿ, ದಾವಣಗೆರೆಗಳಂಥ ಹತ್ತಿಯ ಊರುಗಳೂ ಈ ವಿಷಯದಲ್ಲಿ ಎಚ್ಚರವಾಗಿರಬೇಕು.

ಮಾಡಬೇಕಾದುದು ಕಠಿಣವಾದುದೇನೂ ಅಲ್ಲ. ಕೈಗಾರಿಕೆಗೆಂದು ಅಗ್ಗವಾಗಿ ಕೊಟ್ಟ ನೆಲವನ್ನು ಕೈಗಾರಿಕೆ ನಿಂತಾಗ ಸರಕಾರವು ಹಿಂದಕ್ಕೆ ಪಡೆದು ಇನ್ನೊಬ್ಬ ಉದ್ಯಮಿಗೆ ಕೊಡಬೇಕು. ಉಪಯೋಗ ಬದಲಾಯಿಸಲೇಬೇಕಾದ ಸಂದರ್ಭ ಬಂದರೆ, ಏರಿದ ಬೆಲೆಯಲ್ಲಿ ಊರಿನ ಪಾಲು, ದುಡಿದವರ ಪಾಲು ಮೊದಲು ಕೈಸೇರಬೇಕು. ಕಟ್ಟಡ ಕೆಡಹುವುದು ಆಮೇಲೆ. ಪಾಲನ್ನು ಇಡಿಯ ನೆಲದ ಮೇಲೆ ಲೆಕ್ಕ ಹಾಕಬೇಕು. ಒಮ್ಮೆ ಎಳೆದ ಗೆರೆಯನ್ನು ಬದಲಾಯಿಸಬೇಕಾದರೆ ಅದರ ಕಾರಣವು ಜನರ ಮುಂದೆ, ಹಗಲು ಬೆಳಕಿನಲ್ಲಿ ಚರ್ಚೆಯಾಗಬೇಕು. 58ನೆಯ ನಿಯಮದ ತಿದ್ದುಪಡಿಯು ಎಷ್ಟು ಜನ ಕಾಮಗಾರರಿಗೆ ಅದು ಆದ ದಿನವೇ ತಿಳಿದಿದ್ದಿತು?

ಹೊರನಾಡ ಕನ್ನಡಿಗರಾದ ನಾವು ಈ ನಗರಕ್ಕೆ ಬಂದುದು ದುಡಿಮೆಯನ್ನು ನಂಬಿ. ಕುಮಟೆಯ ಹೆಸರು ಹೊತ್ತು ಬಂದ ಹತ್ತಿಯೂ, ರಾತ್ರಿಶಾಲೆಯಲ್ಲಿ ಓದಿದ ಹೋಟೆಲಿನ ಹುಡುಗನೂ, ಪರೇಲದ ಭೋಂಗಾವೂ ಒಂದೇ ಸರಪಳಿಯ ಕೊಂಡಿಗಳು. ಇಂದು ನಮ್ಮ ಮಕ್ಕಳು ಗಾಜಿನ ಕಟ್ಟಡಗಳಲ್ಲಿ ಕುಳಿತಿರಬಹುದು. ಆದರೆ ನಾಳೆ ಊರಿನಿಂದ ಕೈಬೀಸಿಕೊಂಡು ಬರುವ ಹುಡುಗನಿಗೂ ಈ ನಗರದಲ್ಲಿ, ಹಾಗೆಯೇ ಬೆಂಗಳೂರು, ಹುಬ್ಬಳ್ಳಿಗಳಲ್ಲಿ, ಕೈಕೆಲಸ ಕಲಿತು ನಿಲ್ಲಲು ಒಂದಷ್ಟು ನೆಲ ಉಳಿದಿರಬೇಕು. ನಾಡಿನ ಹಬ್ಬವನ್ನು ಆಚರಿಸುವಾಗ ನಾಡೆಂದರೆ ನೆಲವೂ ಹೌದು, ಆ ನೆಲದ ಮೇಲೆ ದುಡಿಯುವ ಹಕ್ಕೂ ಹೌದು ಎಂಬುದನ್ನು ಮರೆಯದಿರೋಣ.